ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಗಳೂ ಇತಿಹಾಸದ ಕ್ಷೇತ್ರದರ್ಶನವೂ

ಹುಬ್ಬಳ್ಳಿ-ಧಾರವಾಡಗಳ ಹೈಸ್ಕೂಲುಗಳಲ್ಲಿ ಓದುವ ಬಾಲಕ ಬಾಲಿಕೆಯರನ್ನು, ಇತಿಹಾಸವು ಎಂತಹ ವಿಷಯವೆಂದು ಕೇಳಿದರೆ, ಬಹುಮಂದಿಯ ಬಾಯಿಂದ ಹೊರಡುವ ಉತ್ತರವು ಒಂದೇ ಆಗಿರುವದು: ಅದು ಇಸವಿಗಳನ್ನು ಬಾಯಿಪಾಠ ಮಾಡುವ ವಿಷಯ. ಇದನ್ನು ಮಕ್ಕಳ ಆಲಸ್ಯವೆಂದು ಎಣಿಸುವದು ಸರಿಯಲ್ಲ. ಅವರ ಕೈಗೆ ಬಂದ ಪುಸ್ತಕದಲ್ಲಿ ಇಮ್ಮಡಿ ಪುಲಿಕೇಶಿಯು ಹರ್ಷವರ್ಧನನನ್ನು ನರ್ಮದೆಯ ದಂಡೆಯಲ್ಲಿ ತಡೆದ ಸಂಗತಿಯೂ, ೧೫೬೫ರಲ್ಲಿ ವಿಜಯನಗರದ ಸೈನ್ಯವು ಸೋತ ಸಂಗತಿಯೂ, ೧೮೨೪ರ ಕಿತ್ತೂರ ಕಾಳಗವೂ ಒಂದೇ ಅಳತೆಯ ಅಕ್ಷರಗಳಲ್ಲಿ, ಒಂದೇ ನಿಶ್ಚಯದ ಧ್ವನಿಯಲ್ಲಿ ಅಚ್ಚಾಗಿರುವವು. ಇವುಗಳಲ್ಲಿ ಯಾವದು ಕಲ್ಲಿನ ಮೇಲೆ ಕೊರೆದದ್ದು, ಯಾವದು ಕಣ್ಣಾರೆ ಕಂಡವನು ಬರೆದಿಟ್ಟದ್ದು, ಯಾವದು ಜನರ ಬಾಯಿಂದ ಬಾಯಿಗೆ ಬಂದದ್ದು ಎಂಬದನ್ನು ಪುಸ್ತಕವು ಹೇಳುವದಿಲ್ಲ, ಪರೀಕ್ಷೆಯು ಕೇಳುವದಿಲ್ಲ. ಅದೇ ಮಕ್ಕಳನ್ನು ಒಂದು ದಿನ ಹೊರಗೆ ಕರೆದುಕೊಂಡು ಹೋಗಿ, ಒಂದು ಹಳೆಯ ಗುಡಿಯ ಮುಂದೆಯೋ ಒಂದು ವೀರಗಲ್ಲಿನ ಮುಂದೆಯೋ ನಿಲ್ಲಿಸಿದರೆ ಅವರ ಉತ್ತರವು ಬದಲಾಗುವದು. ಹೇಗೆ ಬದಲಾಗುವದು, ಆ ಬದಲಾವಣೆಗೆ ನಮ್ಮ ಶಾಲೆಗಳಲ್ಲಿ ಎಡೆಯು ಎಷ್ಟಿರುವದು ಎಂಬ ವಿಚಾರವು ಓದುವ ಮಕ್ಕಳಿರುವ ಪ್ರತಿಯೊಂದು ಮನೆಗೂ ಸಂಬಂಧಿಸಿದ್ದು.

ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿರುವರು. ಶಾಲೆಯ ಇತಿಹಾಸವು ಇವುಗಳಲ್ಲಿ ಕಡೆಯದಾದ ಶಬ್ದಪ್ರಮಾಣವೊಂದನ್ನೇ ನೆಚ್ಚಿಕೊಂಡಿರುವದು. ಆಪ್ತನ ಮಾತು ಪ್ರಮಾಣವೆಂಬದು ನಿಜವೇ. ಆದರೆ ಹೇಳಿದವನು ಆಪ್ತನೋ ಅಲ್ಲವೋ ಎಂದು ಪರೀಕ್ಷಿಸುವ ಶಕ್ತಿಯಿಲ್ಲದವನಿಗೆ ಅಚ್ಚಾದದ್ದೆಲ್ಲವೂ ಆಪ್ತವಾಕ್ಯವೇ. ಕ್ಷೇತ್ರದರ್ಶನವೆಂದರೆ ಮಿಕ್ಕ ಪ್ರಮಾಣಗಳಿಗೆ ಬಾಗಿಲು ತೆರೆಯುವದು. ಕಲ್ಲನ್ನು ಕಾಣುವದು ಪ್ರತ್ಯಕ್ಷ. ಕಂಡದ್ದರಿಂದ ಕಾಣದ್ದನ್ನು ತರ್ಕಿಸುವದು ಅನುಮಾನ. ಒಂದು ಗುಡಿಯ ಕಂಬವನ್ನು ಮತ್ತೊಂದು ಗುಡಿಯ ಕಂಬದೊಡನೆ ಹೋಲಿಸಿ ಅದರ ಕಾಲವನ್ನು ಗುರುತಿಸುವದು ಉಪಮಾನದ ಹತ್ತಿರದ ನೆಂಟ. ತಾರ್ಕಿಕರು ಈ ಕಡೆಯ ಮಾತಿಗೆ ಮುಖ ಸಿಂಡರಿಸಬಹುದು, ಸಿಂಡರಿಸಲಿ.

ಈ ಮಾರ್ಗವು ಧಾರವಾಡಕ್ಕೆ ಹೊಸದಲ್ಲ. ೧೮೬೭ರಲ್ಲಿ ಮುಂಬಯಿ ಸರಕಾರದ ಸೇವೆಗೆ ಬಂದ ಜಾನ್ ಫೇಥ್‌ಫುಲ್ ಫ್ಲೀಟ್ ಸಾಹೇಬರು ೧೮೭೨ರಲ್ಲಿ ದಕ್ಷಿಣ ಭಾಗದ ವಿದ್ಯಾಖಾತೆಯ ಇನ್ಸ್ಪೆಕ್ಟರರಾದರು. ಶಾಲೆಗಳನ್ನು ತಪಾಸಣೆ ಮಾಡುವ ಅಧಿಕಾರಿಯು ಊರೂರು ತಿರುಗಲೇಬೇಕು. ಈ ಅಧಿಕಾರಿಯ ಲಕ್ಷ್ಯವು ಹಾಜರಿ ಪುಸ್ತಕದ ಆಚೆಗೆ, ಊರ ಮುಂದೆ ನೆಟ್ಟ ಕಲ್ಲುಗಳ ಮೇಲೆಯೂ ಹರಿದಿತ್ತು. ೧೮೭೮ರಲ್ಲಿ ಪಾಲಿ, ಸಂಸ್ಕೃತ, ಹಳಗನ್ನಡ ಶಾಸನಗಳ ಸಂಗ್ರಹವನ್ನೂ, ೧೮೮೨ರಲ್ಲಿ ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ಚರಿತ್ರೆಯನ್ನೂ ಅವರು ಹೊರಗೆಡವಿದರು. ಹಲಗಲಿಯ ಬೇಡರ ಲಾವಣಿಯಂತಹ ಜನಪದ ಹಾಡುಗಳನ್ನೂ ಹಾಡುವವರ ಬಾಯಿಂದಲೇ ಕೇಳಿ ಬರೆದುಕೊಂಡರು. ಪರದೇಶದವನೊಬ್ಬನು ಹೀಗೆ ಓದುತ್ತಿರುವಾಗ, ಆ ಕಲ್ಲುಗಳ ನೆರೆಯಲ್ಲಿಯೇ ಹುಟ್ಟಿ ಬೆಳೆದವರು ಅವುಗಳಿಗೆ ಎಮ್ಮೆ ಕಟ್ಟುತ್ತಿದ್ದರೆಂಬ ಮಾತು ಕಹಿಯಾದರೂ ಸುಳ್ಳಲ್ಲ.

ಆಲೂರ ವೆಂಕಟರಾಯರ ಸಂಗತಿಯಾದರೋ ಇನ್ನೂ ಹತ್ತಿರದ್ದು. ಪುಣೆಯಲ್ಲಿ ಓದಿ ವಕೀಲರಾಗಿ ಧಾರವಾಡದಲ್ಲಿ ನೆಲೆಸಿದ ಅವರು ೧೯೦೫ರಲ್ಲಿ ಆನೆಗೊಂದಿ, ಹಂಪೆಗಳ ಯಾತ್ರೆಗೆ ಹೋದರು. ಅಲ್ಲಿ ಕಂಡ ಹಾಳೂರು ಅವರ ಜೀವನದ ದಿಕ್ಕನ್ನೇ ತಿರುಗಿಸಿತು. ೧೯೧೪ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವು ಅವರ ಶ್ರಮದಿಂದ ಹುಟ್ಟಿತು. ೧೯೧೭ರಲ್ಲಿ 'ಕರ್ನಾಟಕ ಗತವೈಭವ'ವು ಬೆಳಕಿಗೆ ಬಂದಿತು. ಇವರ ತಲೆಮಾರಿನ ಪರಿಶ್ರಮದ ಹಿಂದೆ ೧೯೩೯ರಲ್ಲಿ ಮುಂಬಯಿ ಸರಕಾರವು ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. ಪಂಚಮುಖಿಯವರ ಕಾಲದಲ್ಲಿ, ೧೯೪೧ರಿಂದ, ಶಾಸನ ಸಂಪುಟಗಳು ಹೊರಬರತೊಡಗಿದವು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ವೆಂಕಟರಾಯರು ಪದವೀಧರರಾಗುವವರೆಗೆ ಶಾಲೆ ಕಾಲೇಜುಗಳಲ್ಲಿ ಇತಿಹಾಸವನ್ನು ಓದಿದವರೇ. ಆ ಓದು ಎಬ್ಬಿಸದ ಕುತೂಹಲವನ್ನು ಬಿದ್ದ ಕಲ್ಲುಗಳು ಒಂದು ದಿನದಲ್ಲಿ ಎಬ್ಬಿಸಿದವು. ಇಪ್ಪತ್ತೈದರ ಸುಮಾರಿನಲ್ಲಿ ಅವರಿಗೆ ದೈವಯೋಗದಿಂದ ಒದಗಿದ್ದು ಹದಿನಾಲ್ಕನೆಯ ವಯಸ್ಸಿನ ಹುಡುಗನಿಗೆ ಶಾಲೆಯ ವ್ಯವಸ್ಥೆಯಿಂದಲೇ ಏಕೆ ಒದಗಬಾರದು?

ಹಾಗೆಂದು ಶಾಲೆಗಳವರು ಮಕ್ಕಳನ್ನು ಹೊರಗೆ ಕರೆದೊಯ್ಯುವದೇ ಇಲ್ಲವೆಂದಲ್ಲ. ಶೈಕ್ಷಣಿಕ ಪ್ರವಾಸವೆಂಬ ಹೆಸರಿನಲ್ಲಿ ಪ್ರತಿ ವರ್ಷ ಚಳಿಗಾಲದಲ್ಲಿ ಬಸ್ಸುಗಳು ಹೊರಡುವವು. ಸರಕಾರಿ ಶಾಲೆಗಳ ಮಕ್ಕಳಿಗಾಗಿ 'ಚಿಣ್ಣರ ಕರ್ನಾಟಕ ದರ್ಶನ'ವೆಂಬ ಯೋಜನೆಯನ್ನು ಸರಕಾರವು ನಡೆಯಿಸಿದ್ದೂ ಉಂಟು. ಆದರೆ ಮರಳಿ ಬಂದ ಮಕ್ಕಳ ಅಭಿಪ್ರಾಯವನ್ನು ಕೇಳುವವರು ಕಡಿಮೆ. ಪ್ರವಾಸದ ತರುವಾಯ ನಿಬಂಧವನ್ನು ಬರೆಯಿಸುವ ವಾಡಿಕೆಯಿರುವದು ನಿಜ. ಅದು ಬಸ್ಸು ನಸುಕಿನಲ್ಲಿ ಹೊರಟಿತೆಂದು ಆರಂಭವಾಗಿ, ಎಲ್ಲರಿಗೂ ಬಹಳ ಆನಂದವಾಯಿತೆಂದು ಮುಗಿಯುವದು. ಪ್ರಶ್ನೆಯನ್ನು ತಿರುಗಿಸಿ, ಎಲ್ಲಿ ಬೇಸರವಾಯಿತು, ಏನು ತಿಳಿಯಲಿಲ್ಲ ಎಂದು ಕೇಳಿದಾಗ ಮಾತ್ರ ಒಳಗಿನ ಮಾತು ಹೊರಬೀಳುವದು.

ಮೊದಲನೆಯ ದೂರು ಅವಸರದ್ದು. ಮೂರು ದಿನಗಳಲ್ಲಿ ಹಂಪೆ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ವಿಜಯಪುರಗಳನ್ನು ತೋರಿಸಿ ಮರಳುವ ಬಸ್ಸಿನಲ್ಲಿ ಇತಿಹಾಸವು ಕಿಟಕಿಯ ಹೊರಗಿನ ಗಿಡಗಳಂತೆ ಹಿಂದಕ್ಕೆ ಓಡುವದು. ಗೋಳಗುಮ್ಮಟದಲ್ಲಿ ಕೂಗಿದ್ದು ನೆನಪಿದೆ, ಅದನ್ನು ಕಟ್ಟಿಸಿದವನ ಹೆಸರು ನೆನಪಿಲ್ಲ ಎಂದು ಹುಡುಗರು ನಕ್ಕು ಹೇಳುವರು. ಎರಡನೆಯದು, ದಾರಿ ತೋರಿಸುವವರ ಕಥೆಗಳು. ಎಲ್ಲ ಗುಡಿಗಳನ್ನೂ ಜಕಣಾಚಾರಿಯೊಬ್ಬನೇ ಕಟ್ಟಿದನು, ಎಲ್ಲ ಸುರಂಗಗಳೂ ಬಾದಾಮಿಗೇ ಹೋಗುವವು ಎಂಬಂತಹ ಮಾತುಗಳನ್ನು ಎಂಟನೆಯ ಇಯತ್ತೆಯ ಹುಡುಗನು ಬಾಯ್ದೆರೆದು ಕೇಳುವನು. ಹತ್ತನೆಯ ಇಯತ್ತೆಯ ಹುಡುಗಿಯು ಹುಬ್ಬೇರಿಸುವಳು. ಈ ಎರಡು ವರ್ಷಗಳ ಅಂತರದಲ್ಲಿ ಬೆಳೆದ ಆ ಸಂಶಯವೇ ಇತಿಹಾಸ ಶಿಕ್ಷಣದ ಬೀಜ. ಅದಕ್ಕೆ ನೀರೆರೆಯುವವರು ಬೇಕು. ಹೆಣ್ಣುಮಕ್ಕಳ ದೂರು ಬೇರೊಂದು. ರಾತ್ರಿ ಹೊರಗೆ ತಂಗುವ ಪ್ರವಾಸಕ್ಕೆ ಎಷ್ಟೋ ಮನೆಗಳಲ್ಲಿ ಅಪ್ಪಣೆಯೇ ದೊರೆಯುವದಿಲ್ಲ. ಬಡ ಮನೆಯ ಮಕ್ಕಳಿಗೆ ಪ್ರವಾಸದ ವರ್ಗಣಿಯೇ ಬೆಟ್ಟ. ಹೀಗಾಗಿ ಯಾರಿಗೆ ಹಂಪೆಯು ಎಂದಾದರೂ ಕಾಣಸಿಗುವದೋ ಅವರೇ ಶಾಲೆಯ ಬಸ್ಸಿನಲ್ಲಿಯೂ ಹೋಗಿ ನೋಡುವರು. ಉಳಿದವರು ಆ ಮೂರು ದಿನ ಖಾಲಿ ವರ್ಗದಲ್ಲಿ ಕುಳಿತಿರುವರು.

ಇವೆಲ್ಲಕ್ಕಿಂತಲೂ ಮನಸ್ಸಿಗೆ ನಾಟುವ ದೂರು ಇನ್ನೊಂದಿರುವದು. ಕಲ್ಲಿನ ಮೇಲೆ ಕೊರೆದದ್ದು ಕನ್ನಡವೇ ಅಂತೆ, ಆದರೆ ಓದಲಿಕ್ಕೆ ಬರಲಿಲ್ಲ ಎಂಬದು ಅದು. ಹತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿತ ಮಗುವಿಗೆ ತನ್ನ ಭಾಷೆಯೇ ತನಗೆ ಬಾಗಿಲು ಮುಚ್ಚಿಕೊಂಡಂತೆ ತೋರಿದಾಗ ಆಗುವ ನೋವು ಸಣ್ಣದಲ್ಲ. ಈ ನೋವಿಗೆ ಔಷಧವು ಮಾತ್ರ ಬಹು ಸುಲಭ. ಹನ್ನೊಂದು-ಹನ್ನೆರಡನೆಯ ಶತಮಾನದ ಲಿಪಿಯಲ್ಲಿ ಇಂದಿನ ಅಕ್ಷರಗಳಿಗೆ ಹತ್ತಿರವಾಗಿರುವ ರೂಪಗಳು ಎಷ್ಟೋ ಇರುವವು. ಹತ್ತು ಹನ್ನೆರಡು ಅಕ್ಷರಗಳನ್ನು ಕರಿಹಲಗೆಯ ಮೇಲೆ ಮೊದಲೇ ಬರೆದು ತೋರಿಸಿ, ಆಮೇಲೆ ಕಲ್ಲಿನ ಮುಂದೆ ಕೂಡ್ರಿಸಿದರೆ, 'ಸ್ವಸ್ತಿ' ಎಂಬ ಎರಡಕ್ಷರವನ್ನು ಮಗುವು ತಾನೇ ಹುಡುಕಿ ಬೆರಳಿಟ್ಟು ತೋರಿಸುವದು. ಆ ಬೆರಳನ್ನು ಕಂಡ ಗುರುವು ಇನ್ನು ಮುಂದೆ ಇತಿಹಾಸವನ್ನು ಬರಿಯ ಪುಸ್ತಕದಿಂದ ಕಲಿಸಲಾರನು.

ಹಾಗಾದರೆ ದೂರದ ಹಂಪೆಗೇ ಹೋಗಬೇಕೇ? ಬೇಡ. ಅವಳಿ ನಗರಗಳ ಸುತ್ತಮುತ್ತ, ಬುತ್ತಿ ಕಟ್ಟಿಕೊಂಡು ಮುಂಜಾನೆ ಹೋಗಿ ಸಂಜೆಗೆ ಮರಳುವಷ್ಟು ಹತ್ತಿರದಲ್ಲಿ, ಒಂದು ಸಾವಿರ ವರ್ಷಗಳ ಇತಿಹಾಸವು ಹರಡಿಕೊಂಡು ಬಿದ್ದಿರುವದು. ಧಾರವಾಡದಿಂದ ಬೆಳಗಾವಿಯ ಹೆದ್ದಾರಿ ಹಿಡಿದು ಹೋದರೆ ನರೇಂದ್ರವು ಸಿಕ್ಕುವದು. ಇದು ಹಿಂದೆ ಕುಂದೂರೆಂಬ ಹೆಸರಿನಿಂದ ಕುಂದೂರು-೫೦೦ ಎಂಬ ನಾಡಿಗೆ ಮುಖ್ಯಸ್ಥಾನವಾಗಿತ್ತು. ಗೋವೆಯ ಕದಂಬರ ಇಮ್ಮಡಿ ಜಯಕೇಶಿಯು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಮಗಳಾದ ಮೈಲಲದೇವಿಯ ಕೈಹಿಡಿದವನು, ಈ ಸೀಮೆಯನ್ನು ಆಳಿದನು. ಇಲ್ಲಿಯ ೧೧೨೫ ಮತ್ತು ೧೧೨೬ನೆಯ ಇಸವಿಗಳ ಎರಡು ಶಾಸನಗಳನ್ನು ಬಾರ್ನೆಟ್ ಪಂಡಿತರು ಬಹಳ ಹಿಂದೆಯೇ ಓದಿ ಪ್ರಕಟಿಸಿರುವರು.

ಇಂತಹ ಒಂದು ಶಾಸನದಿಂದ ಹೈಸ್ಕೂಲಿನ ಹುಡುಗನು ಏನು ಕಲಿಯಬಲ್ಲನು? ಮೊದಲು ಕಾಲಗಣನೆಯನ್ನು. ಶಾಸನದಲ್ಲಿ ಕ್ರಿಸ್ತಶಕವಿರುವದಿಲ್ಲ. ಶಕವರ್ಷವಿದ್ದರೆ ೭೮ನ್ನು ಕೂಡಿಸಬೇಕು. ವಿಕ್ರಮಾದಿತ್ಯನು ೧೦೭೬ರಲ್ಲಿ ತನ್ನದೇ ಆದ ಚಾಲುಕ್ಯವಿಕ್ರಮ ವರ್ಷವನ್ನು ಆರಂಭಿಸಿದ್ದರಿಂದ, ಆ ಲೆಕ್ಕವಿದ್ದರೆ ೧೦೭೫ನ್ನು ಕೂಡಿಸಬೇಕು. ಹೀಗೆ ಶಕ ೧೦೪೭ ಎಂದರೂ ೧೧೨೫, ಚಾಲುಕ್ಯವಿಕ್ರಮ ೫೦ ಎಂದರೂ ೧೧೨೫. ಎರಡು ದಾರಿಗಳೂ ಒಂದೇ ಮನೆಗೆ ಬಂದದ್ದನ್ನು ಕಂಡು ಲೆಕ್ಕವೆಂದರೆ ಹೆದರುವ ಹುಡುಗನೂ ಮುಗುಳುನಗುವನು. ಇನ್ನು ಸಂವತ್ಸರ. ೧೧೨೫ರದು ವಿಶ್ವಾವಸು. ೨೦೨೫ರ ಯುಗಾದಿಗೆ ಕಾಲಿಟ್ಟದ್ದೂ ವಿಶ್ವಾವಸುವೇ. ನಡುವಿನ ಒಂಬತ್ತು ನೂರು ವರ್ಷಗಳಲ್ಲಿ ಅರವತ್ತು ಸಂವತ್ಸರಗಳ ಚಕ್ರವು ಸರಿಯಾಗಿ ಹದಿನೈದು ಸಲ ತಿರುಗಿರುವದು. ಮನೆಯಲ್ಲಿ ಅಜ್ಜನು ಯುಗಾದಿಯ ದಿನ ಪಂಚಾಂಗವನ್ನು ಓದುವಾಗ ಕಿವಿಗೆ ಬಿದ್ದ ಹೆಸರು ಜಯಕೇಶಿಯ ಕಾಲದ ಕಲ್ಲಿನ ವರ್ಷಕ್ಕೂ ಹೊಂದಿಕೊಂಡಿತೆಂದರೆ, ಮಗುವಿನ ಮನಸ್ಸಿನಲ್ಲಿ ಅಡುಗೆಮನೆಗೂ ಅರಮನೆಗೂ ನಡುವೆ ಒಂದು ಕಾಲುಹಾದಿಯು ಬೀಳುವದು. ಪುಸ್ತಕದ ಯಾವ ಪುಟವೂ ಈ ಕೆಲಸವನ್ನು ಮಾಡಲಾರದು.

ದಾನಶಾಸನದ ನೆತ್ತಿಯ ಮೇಲೆ ಸೂರ್ಯಚಂದ್ರರು, ಲಿಂಗ, ಆಕಳು-ಕರು; ಕೊನೆಯಲ್ಲಿ ದಾನವನ್ನು ಅಪಹರಿಸಿದವನಿಗೆ ಅರವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವ ಶಾಪ. ಈ ಶಾಪವನ್ನು ಕೇಳಿ ಮಕ್ಕಳು ನಗುವರು. ನಕ್ಕ ಮೇಲೆ, ಶಾಪ ಹಾಕಬೇಕಾಗಿ ಬಂದದ್ದೇಕೆ ಎಂದು ಕೇಳಬೇಕು. ಭೂಮಿಯನ್ನು ಕಸಿಯುವವರು ಆಗಲೂ ಇದ್ದರೆಂಬ ಅನುಮಾನಕ್ಕೆ ಅವರು ತಾವಾಗಿಯೇ ಬರುವರು. ವೀರಗಲ್ಲುಗಳನ್ನು ನೋಡುವಾಗಲಂತೂ ಅವರ ಉತ್ಸಾಹವು ಹೇಳತೀರದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಕೆಲವೆಡೆ ಆಕಳುಗಳನ್ನು ಹೊಡೆದೊಯ್ಯುವ ತುರುಗೋಳು. ನಡುವೆ ಸತ್ತ ವೀರನನ್ನು ಅಪ್ಸರೆಯರು ಕೈಹಿಡಿದು ಕರೆದೊಯ್ಯುವದು. ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿರುವದು. ಒಂದೇ ಕಲ್ಲಿನಲ್ಲಿ ಮೂರು ಲೋಕಗಳ ಕಥೆಯಿದು. ಇಲ್ಲಿ ರಾಜನಿಲ್ಲ, ಊರಿನವನೇ ಇದ್ದಾನೆ ಎಂದು ಗುರುತಿಸುವವರು ಹೆಚ್ಚಾಗಿ ಹಳ್ಳಿಯಿಂದ ಬಂದ ಮಕ್ಕಳು. ಪುಸ್ತಕದಲ್ಲಿ ತಮ್ಮಂತಹರ ಹೆಸರನ್ನು ಎಂದೂ ಕಾಣದಿದ್ದವರಿಗೆ ಆ ಕಲ್ಲು ಬೇರೊಂದು ಮಾತನ್ನು ಹೇಳುವದು.

ಆದರೆ ಪ್ರತ್ಯಕ್ಷವು ಯಾವಾಗಲೂ ಸಿಹಿಯಾಗಿರುವದಿಲ್ಲ. ಧಾರವಾಡವೆಂಬ ಹೆಸರಿನ ಪ್ರಶ್ನೆಯನ್ನೇ ತೆಗೆದುಕೊಳ್ಳಬಹುದು. ಆನೆಗೊಂದಿಯ ಅರಸರ ಅಧಿಕಾರಿಯಾದ ಧಾರರಾವನೆಂಬವನು ೧೪೦೩ರಲ್ಲಿ ಇಲ್ಲಿ ಕೋಟೆಯನ್ನು ಕಟ್ಟಿದನೆಂದೂ, ಅವನಿಂದಲೇ ಊರಿಗೆ ಈ ಹೆಸರು ಬಂದಿತೆಂದೂ ಒಂದು ಐತಿಹ್ಯವಿರುವದು. ೧೮೮೪ರ ಮುಂಬಯಿ ಗ್ಯಾಝೆಟಿಯರಿನಲ್ಲಿಯೂ ಅದು ಸೇರಿತು. ಅಲ್ಲಿಂದ ಶಾಲೆಯ ಮಕ್ಕಳ ನಾಲಗೆಗೂ ಬಂದಿತು. ಆದರೆ ಹನ್ನೆರಡನೆಯ ಶತಮಾನದ ಶಾಸನಗಳಲ್ಲಿಯೇ ಧಾರವಾಡದ ಹೆಸರು ಬಂದಿರುವದು. ತನ್ನ ಹೆಸರನ್ನು ಊರಿಗೆ ಕೊಟ್ಟನೆಂಬವನಿಗಿಂತ ಊರೇ ಕಡಿಮೆಯೆಂದರೂ ಎರಡು ಶತಮಾನ ಹಿರಿಯದಾದರೆ ಕಥೆಯು ನಿಲ್ಲುವದು ಹೇಗೆ? ಈ ಸಂಗತಿಯನ್ನು ತಿಳಿಸಿದಾಗ ವಿದ್ಯಾರ್ಥಿಗಳಲ್ಲಿ ಎರಡು ಪಕ್ಷಗಳಾಗುವವು. ಒಂದು ಪಕ್ಷಕ್ಕೆ ಊರು ಇನ್ನೂ ಹಳೆಯದೆಂದು ಹೆಮ್ಮೆ. ಇನ್ನೊಂದು ಪಕ್ಷಕ್ಕೆ, ಚಿಕ್ಕಂದಿನಿಂದ ಕೇಳಿದ ಕಥೆಯನ್ನು ಕಿತ್ತುಕೊಂಡರಲ್ಲಾ ಎಂದು ಸಂಕಟ. ಮನೆಯಲ್ಲಿ ಹಿರಿಯರು ಸುಳ್ಳು ಹೇಳಿದರೇ ಎಂಬ ಕಸಿವಿಸಿ. ಇದು ಸೂಕ್ಷ್ಮವಾದ ಘಟ್ಟ. ಇಲ್ಲಿ ಗುರುವು ಐತಿಹ್ಯವನ್ನು ಹಾಸ್ಯ ಮಾಡಿ ಬಿಟ್ಟರೆ ಮಕ್ಕಳು ಇತಿಹಾಸವನ್ನು ಹಿರಿಯರ ವೈರಿಯೆಂದು ತಿಳಿಯುವರು. ಐತಿಹ್ಯವನ್ನೇ ಎತ್ತಿಹಿಡಿದರೆ ಕಲ್ಲು ಸುಳ್ಳಾಗುವದು. ಕಥೆಯು ಕೋಟೆಯ ನೆನಪನ್ನು ಕಾಯ್ದುಕೊಂಡು ಬಂದಿರಬಹುದು, ಹೆಸರಿನ ಮೂಲವನ್ನು ಮಾತ್ರ ಕಲ್ಪಿಸಿರಬಹುದು ಎಂದು ಬಿಡಿಸಿ ಹೇಳಿದರೆ ಎರಡೂ ಪಕ್ಷಗಳು ಒಪ್ಪುವವು.

ಆ ಕೋಟೆಯ ಬಾಗಿಲು ಇನ್ನೂ ನಿಂತಿರುವದು. ಕಿಲ್ಲೆಯ ಒಳಗಿನ ಆಸ್ಪತ್ರೆಗೆ ಹೋಗುವ ಜನರು ಅದನ್ನು ನೋಡುತ್ತಲೇ ಬಂದಿರುವರು. ನೋಡಿದೆನೆಂದು ನೆನಪಿಟ್ಟವರು ವಿರಳ. ಟಿಪೂ ಸುಲ್ತಾನನ ಪಕ್ಷದ ಬದರುಜ್ಜಮಾನಖಾನನು ೧೭೯೦ರ ಸಪ್ಟಂಬರದಿಂದ ೧೭೯೧ರ ಎಪ್ರಿಲದ ವರೆಗೆ ಮರಾಠರ ಪರಶುರಾಮಭಾವೂ ಮತ್ತು ಇಂಗ್ಲಿಷರ ಕ್ಯಾಪ್ಟನ್ ಲಿಟಲ್ ಇವರ ಮುತ್ತಿಗೆಯನ್ನು ತಡೆದು ನಿಂತದ್ದು ಇಲ್ಲಿಯೇ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಾದರೋ ದುರ್ಗವು ಹೋಗಿ ಹೆಸರೊಂದೇ ಉಳಿದಿರುವದು. ಭಜಿ ಮಿರ್ಚಿಗಳ ಅಂಗಡಿಗಳ ನಡುವೆ ನಿಂತು, ಈ ಬಯಲಿಗೆ ಈ ಹೆಸರೇಕೆ ಎಂದು ಕೇಳುವದೂ ಒಂದು ಕ್ಷೇತ್ರಕಾರ್ಯವೇ. ಹುಡುಗರ ಲಕ್ಷ್ಯವನ್ನು ಮಿರ್ಚಿಯಿಂದ ಬಿಡಿಸಬಲ್ಲ ಮಾಸ್ತರರು ಮಾತ್ರ ಬೇಕು.

ಒಂದೇ ಘಟನೆಗೆ ಎರಡು ಕಲ್ಲುಗಳು ಎರಡು ಸಾಕ್ಷಿಗಳನ್ನು ನುಡಿಯಬಹುದೆಂಬದು ಮಕ್ಕಳಿಗೆ ಕಿತ್ತೂರಿನಿಂದ ತಿಳಿಯುವದು. ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ೧೮೨೪ರ ಅಕ್ಟೋಬರ ೨೩ರಂದು ಕಿತ್ತೂರ ಕೋಟೆಯ ಮುಂದೆ ಮಡಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆಯು ಇಂಗ್ಲಿಷರ ವಶವಾಯಿತು. ಥ್ಯಾಕರೆ, ಮನ್ರೊ ಇವರ ಸ್ಮಾರಕವು ಧಾರವಾಡದಲ್ಲಿರುವದು, ಚೆನ್ನಮ್ಮನ
ಸಮಾಧಿಯು ಬೈಲಹೊಂಗಲದಲ್ಲಿರುವದು, ಹಾಳಾದ ಅರಮನೆಯು ಕಿತ್ತೂರಿನಲ್ಲಿರುವದು. ಸ್ಮಾರಕವನ್ನು ನಿಲ್ಲಿಸಿದವರಿಗೆ ಆತನು ಕರ್ತವ್ಯಕ್ಕಾಗಿ ಪ್ರಾಣಕೊಟ್ಟವನು. ಕಿತ್ತೂರ ನಾಡಿಗೆ ಆತನು ದತ್ತಕವನ್ನು ಒಪ್ಪದೆ ಸಂಸ್ಥಾನದ ಭಾಂಡಾರಕ್ಕೆ ಮುದ್ರೆ ಹಾಕಬಂದವನು. ಮೂರು ಸ್ಥಳಗಳನ್ನೂ ಒಂದೇ ದಿನದಲ್ಲಿ ಕಂಡ ವಿದ್ಯಾರ್ಥಿಗಳಲ್ಲಿ ಕೆಲವರು, ಶತ್ರುವಿನ ಗೋರಿಯನ್ನು ಸರಕಾರವು ಏಕೆ ಕಾಯಬೇಕೆಂದು ಕೇಳುವರು. ಕೇಳಲಿ. ಆ ಗೋರಿಯು ಹೋದರೆ ಚೆನ್ನಮ್ಮನ ಗೆಲವಿಗೆ ಇದ್ದ ಗಟ್ಟಿಯಾದ ಸಾಕ್ಷಿಯೊಂದು ಹೋದಂತೆಯೇ ಎಂಬ ಉತ್ತರವನ್ನು ಅವರ ನಡುವಿನವರೇ ಯಾರಾದರೂ ಕೊಡುವರು.

ಇಷ್ಟೆಲ್ಲ ಪ್ರಯೋಜನವಿದ್ದರೂ ಶಾಲೆಗಳು ಹಿಂಜರಿಯುವದಕ್ಕೆ ಕಾರಣವು ಗುಟ್ಟಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಸಮಾಜವಿಜ್ಞಾನಕ್ಕೆ ೮೦ ಗುಣಗಳ ಲಿಖಿತ ಪರೀಕ್ಷೆ, ೨೦ ಗುಣಗಳ ಆಂತರಿಕ ಮೌಲ್ಯಮಾಪನ. ಆ ೮೦ರಲ್ಲಿಯೂ ಇತಿಹಾಸವು ಭೂಗೋಲ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಮೊದಲಾದ ಸೋದರರೊಡನೆ ಪಾಲು ಹಂಚಿಕೊಳ್ಳಬೇಕು. ನರೇಂದ್ರದ ಕಲ್ಲಿನ ಮೇಲೆ ಬೋರ್ಡಿನವರು ಪ್ರಶ್ನೆ ಹಾಕುವದಿಲ್ಲ. ಮಕ್ಕಳೇ ಈ ಲೆಕ್ಕವನ್ನು ಮೊದಲು ಹಾಕುವರು: ಹೊರಗೆ ಹೋಗುವದು ಚೆನ್ನ, ಆದರೆ ಹತ್ತನೆಯದರಲ್ಲಿ ಬೇಡ. ತಂದೆತಾಯಿಗಳ ಮಾತೂ ಅದೇ. ೧೯೯೩ರಲ್ಲಿ ಯಶಪಾಲ ಸಮಿತಿಯು ಮಕ್ಕಳ ಓದಿನ ಹೊರೆಯನ್ನು ಕುರಿತು ಎಚ್ಚರಿಸಿತು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಶಾಲೆಯ ಜ್ಞಾನವನ್ನು ಹೊರಗಿನ ಬದುಕಿನೊಡನೆ ಕೂಡಿಸಬೇಕೆಂದೂ ಬಾಯಿಪಾಠವನ್ನು ಬಿಡಬೇಕೆಂದೂ ಸಾರಿತು. ಮಾತು ಉತ್ತಮವಾದದ್ದು. ಆದರೆ ಪರೀಕ್ಷೆಯ ಸ್ವರೂಪವು ಬದಲಾಗದೆ ಪಾಠದ ಸ್ವರೂಪವು ಬದಲಾಗುವದಿಲ್ಲವೆಂಬದಕ್ಕೆ ಇಂಗ್ಲೆಂಡಿನ ಉದಾಹರಣೆಯು ನೋಡತಕ್ಕದ್ದು. ಅಲ್ಲಿ ೧೯೭೨ರಲ್ಲಿ ಆರಂಭವಾದ ಶಾಲಾ ಇತಿಹಾಸ ಯೋಜನೆಯು, ವಿದ್ಯಾರ್ಥಿಯು ತನ್ನ ಸುತ್ತಣ ಒಂದು ಐತಿಹಾಸಿಕ ಸ್ಥಳವನ್ನು ಸ್ವತಃ ನೋಡಿ ಬರೆಯುವ ಅಭ್ಯಾಸವನ್ನು ಪರೀಕ್ಷೆಯ ಭಾಗವನ್ನಾಗಿಯೇ ಮಾಡಿತು. ಗುಣಗಳಿದ್ದುದರಿಂದ ಗುರುಗಳೂ ಹೊರಟರು, ಮಕ್ಕಳೂ ಹೊರಟರು. ನಮ್ಮ ಆಂತರಿಕ ೨೦ ಗುಣಗಳಲ್ಲಿ ಐದನ್ನಾದರೂ ಊರಿನ ಒಂದು ಕಲ್ಲಿಗೆ ಮೀಸಲಿಡಲು ಯಾವ ಕಾಯಿದೆಯೂ ಅಡ್ಡಬರಲಾರದು. ಬೇಕಾದದ್ದು ಮುಖ್ಯಾಧ್ಯಾಪಕರ ಮನಸ್ಸು.

ವೆಚ್ಚದ ಪ್ರಶ್ನೆಗೆ ಉಣಕಲ್ಲೇ ಉತ್ತರವು. ಎರಡು ಊರುಗಳ ನಡುವೆ ಓಡುವ 'ಚಿಗರಿ' ಬಸ್ಸು ಉಣಕಲ್ಲಿನಲ್ಲಿ ನಿಲ್ಲುವದು. ನಡುದಾರಿಯ ಅಮರಗೋಳದಲ್ಲಿ ಶಂಕರಲಿಂಗ, ಬನಶಂಕರಿಯರ ಹಳೆಯ ಗುಡಿಗಳಿರುವವು. ಹುಡುಗಿಯರ ತಾಯಿಗಳಿಗೂ ಚಿಂತೆಯಿಲ್ಲ, ದೀಪ ಹಚ್ಚುವದರೊಳಗೆ ಮನೆಗೆ ಬರಬಹುದು. ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯವು ಚಾಲುಕ್ಯರ ಕಾಲದ್ದು. ಸಾಮಾನ್ಯವಾಗಿ ಗರ್ಭಗುಡಿಗೆ ಒಂದೇ ಬಾಗಿಲಿರುವದನ್ನು ನೋಡಿದ ಮಕ್ಕಳು ಇಲ್ಲಿ ನಾಲ್ಕೂ ದಿಕ್ಕಿಗೆ ಬಾಗಿಲು ತೆರೆದಿರುವದನ್ನು ಕಂಡು ಬೆರಗಾಗುವರು. ದೇವರಿಗೆ ನಾಲ್ಕು ಮುಖಗಳಿದ್ದರೆ ಬಾಗಿಲೂ ನಾಲ್ಕಿರಬೇಕಲ್ಲವೇ ಎಂದು ಒಳಗಿನ ಚತುರ್ಮುಖ ಲಿಂಗವನ್ನು ತೋರಿಸಿ ತಾವೇ ಸಮಾಧಾನ ಹೇಳಿಕೊಳ್ಳುವರು. ಜಾಲಂಧ್ರಗಳಿಂದ ಒಳಗೆ ಬೀಳುವ ಬೆಳಕನ್ನು ನೋಡುತ್ತ ಎಷ್ಟೋ ಹೊತ್ತು ಕುಳಿತುಬಿಡುವವರೂ ಉಂಟು.

ಆದರೆ ಈ ಗುಡಿಯ ಸುತ್ತಲೂ ಮನೆಗಳು ಒತ್ತಿ ನಿಂತಿರುವವು. ೨೦೧೦ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯಿದೆಯ ಮೇರೆಗೆ, ರಕ್ಷಿತ ಸ್ಮಾರಕದ ಎಲ್ಲೆಯಿಂದ ೧೦೦ ಮೀಟರಿನ ಒಳಗೆ ಹೊಸದಾಗಿ ಕಟ್ಟುವದು ನಿಷಿದ್ಧ. ಅಲ್ಲಿಂದಾಚೆಗೆ ೨೦೦ ಮೀಟರು ಅಪ್ಪಣೆ ಪಡೆದೇ ಕಟ್ಟಬೇಕು. ದೂರದ ಬಡಾವಣೆಯಿಂದ ಬಂದ ವಿದ್ಯಾರ್ಥಿಗಳು, ಮನೆಗಳನ್ನು ತೆಗೆದು ಗುಡಿಗೆ ಗಾಳಿ ಬೆಳಕು ಕೊಡಬೇಕೆಂದು ಒಂದೇ ಉಸಿರಿನಲ್ಲಿ ತೀರ್ಪು ಕೊಡುವರು. ಆ ಓಣಿಯಲ್ಲಿಯೇ ಹುಟ್ಟಿದ ಮಗುವಿಗೆ ಗುಡಿಯೆಂದರೆ, ಮಳೆಗಾಲದಲ್ಲಿ ಬಿದ್ದ ಗೋಡೆಯನ್ನೆಬ್ಬಿಸಲು ಅಪ್ಪನು ಕಚೇರಿಯಿಂದ ಕಚೇರಿಗೆ ಅಲೆಯುವದಕ್ಕೆ ಕಾರಣವಾದ ವಸ್ತು. ಹಾಗೆಯೇ ತಾನು ಅಂಬೆಗಾಲಿಟ್ಟು ಆಡಿದ ಜಗಲಿಯೂ ಅದೇ. ಇಬ್ಬರೂ ಒಂದೇ ವರ್ಗದಲ್ಲಿ, ಒಂದೇ ಬೆಂಚಿನ ಮೇಲೆ ಕೂಡ್ರುವರು. ಚಾಲುಕ್ಯರ ಶಿಲ್ಪವನ್ನು ಕುರಿತ ಪಾಠವು ಅವರನ್ನು ಎಂದೂ ಎದುರುಬದುರು ಮಾಡಿರಲಿಲ್ಲ. ಇಂತಹ ಸಂದರ್ಭದಲ್ಲಿ ಗುರುವು ತೀರ್ಪು ಕೊಡುವದಕ್ಕಿಂತ, ಅಳತೆಯ ಪಟ್ಟಿಯನ್ನು ಇಬ್ಬರ ಕೈಗೂ ಕೊಟ್ಟು, ಗುಡಿಯ ಎಲ್ಲೆಯಿಂದ ೧೦೦ ಮೀಟರನ್ನು ಅಳೆಯಹೇಳುವದು ಮೇಲು. ಒಂದು ತುದಿಯನ್ನು ಓಣಿಯ ಮಗುವು ಹಿಡಿದುಕೊಳ್ಳಲಿ, ಇನ್ನೊಂದನ್ನು ಬಡಾವಣೆಯ ಮಗುವು. ಪಟ್ಟಿಯು ಯಾವ ಯಾವ ಬಾಗಿಲುಗಳನ್ನು ದಾಟುವದೋ ಆ ಮನೆಗಳವರನ್ನು ಮಾತಾಡಿಸಿ, ಎಷ್ಟು ತಲೆಮಾರಿನಿಂದ ಅಲ್ಲಿರುವರು, ಗುಡಿಯನ್ನು ಕುರಿತು ಅವರ ಹಿರಿಯರು ಏನು ಹೇಳುತ್ತಿದ್ದರು, ಯಾವ ಕಲ್ಲು ಯಾವಾಗ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬದನ್ನೆಲ್ಲ ಇಬ್ಬರೂ ಕೂಡಿಯೇ ವಹಿಯಲ್ಲಿ ಬರೆದುಕೊಂಡು ಬರಲಿ.